ಎಡಗಡೆಯ ಗುಳಿ

ಕಾದ ಅಡಾಪ್ಟರಿಗೆ ಒಂದು ವಾಸನೆ ಇರುತ್ತದೆ. ಸುಟ್ಟ ವಾಸನೆಯಲ್ಲ, ಇನ್ನೇನು ಸುಡುತ್ತದೆ ಅನ್ನಿಸುವ ವಾಸನೆ. ಮೊನ್ನೆ ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ಮಿಕ್ಸಿ ರಿಪೇರಿಗೆ ಕೊಟ್ಟು ನಿಂತಿದ್ದಾಗ ಅದು ಮೂಗಿಗೆ ಬಡಿಯಿತು. ಯಾರೋ ಗುಜರಿಗೆ ಹಾಕಿದ್ದ ಹಳೆಯ ವಿಡಿಯೋ ಗೇಮೊಂದನ್ನು ಅಂಗಡಿಯವನು ಟಿವಿಗೆ ಸಿಕ್ಕಿಸಿ, ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ, ನಡೆಯುತ್ತದೋ ಇಲ್ಲವೋ ಎಂದು ನೋಡುತ್ತಿದ್ದ. ಪರದೆಯ ಮೇಲೆ ಒಂದು ಚಿಪ್ಪುಹಂದಿ ಬಂತು. ನಮ್ಮ ಕಡೆ ಕೈ ಬೀಸಿತು. ಆಮೇಲೆ ಮೈ ಸುತ್ತಿಕೊಂಡು ಉಂಡೆಯಾಗಿ ಉರುಳಿತು. ನಾನು ಟಿವಿಯ ಹತ್ತಿರಕ್ಕೆ ಸರಿದೆ.

"ಚಾಲೂ ಇದೆ ಮೇಡಂ, ಮಕ್ಕಳಿಗೆ ತಗೊಂಡ್ಹೋಗಿ. ಹಳೇ ಮಾಲು, ಗಟ್ಟಿ ಇರುತ್ತೆ," ಅಂದ ಅವನು.

ಮಗಳಿಗೆ ಎಂದು ನೆಪ ಹೇಳಿ ತಂದೆ. ಮಿಕ್ಸಿಯನ್ನು ಅಲ್ಲೇ ಮರೆತು ಬಂದಿದ್ದು ಗೊತ್ತಾಗಿದ್ದು ಮಾರನೆಯ ದಿನ ಚಟ್ನಿ ರುಬ್ಬಲು ಹೋದಾಗ.

ಆ ಆಟವನ್ನು ನಾನು ಕೊನೆಯ ಸಲ ನೋಡಿದ್ದು ಭದ್ರಾವತಿಯಲ್ಲಿ, ತೊಂಬತ್ತರ ದಶಕದ ಕೊನೆಯ ಹೊತ್ತಿಗೆ, ಪಕ್ಕದ ಮನೆಯ ಮಾಮನ ಕಪ್ಪುಬಿಳುಪು ಟಿವಿಯಲ್ಲಿ. ನಾವಿದ್ದದ್ದು ಒಂದೇ ಗೋಡೆ ಹಂಚಿಕೊಂಡ ಹೆಂಚಿನ ಮನೆಗಳ ಸಾಲಿನಲ್ಲಿ. ಗೋಡೆಯ ಈಚೆ ಅಪ್ಪ, ಅಮ್ಮ, ನಾನು. ಆಚೆ ಮಾಮ ಮತ್ತು ಅತ್ತೆ. ರಕ್ತಸಂಬಂಧ ಏನೂ ಇರಲಿಲ್ಲ. ಅವರ ಮನೆಮಾತು ತಮಿಳು, ನಮ್ಮದು ಕನ್ನಡ. ಮಾಮನ ತಂದೆಯ ಕಾಲದಲ್ಲೇ ಕೆಲಸ ಹುಡುಕಿಕೊಂಡು ಬಂದು ಅವರು ಭದ್ರಾವತಿಯವರೇ ಆಗಿಹೋಗಿದ್ದರು. ಮಕ್ಕಳಿರಲಿಲ್ಲ. ನನ್ನನ್ನು ಮಾಮ ತಮ್ಮ ಭಾಷೆಯಲ್ಲಿ 'ಪಾಪಾ' ಅನ್ನುತ್ತಿದ್ದರು. ಹನ್ನೊಂದು ತುಂಬಿದ ಹುಡುಗಿಗೆ ಪಾಪು ಅಂದ ಹಾಗೆ ಕೇಳಿಸಿ ನನಗೆ ಸಿಟ್ಟು ಬರುತ್ತಿತ್ತು, ಆದರೆ ಅವರ ಮನೆಗೆ ಹೋಗುವುದನ್ನು ಮಾತ್ರ ನಿಲ್ಲಿಸುತ್ತಿರಲಿಲ್ಲ.

ಅಪ್ಪ ಮತ್ತು ಮಾಮ ಇಬ್ಬರೂ ಊರ ಹೊರಗಿದ್ದ ಒಂದು ಖಾಸಗಿ ಎರಕದ ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ಜಾಗ. ಈಗ ಅದು ಇಲ್ಲ. ಮಾಮ ಕ್ರೇನ್ ಡ್ರೈವರು. ಸೂರಿನ ಅಡಿಯಲ್ಲಿ ಹಳಿಯ ಮೇಲೆ ಓಡುವ ಕ್ರೇನು, ಅದಕ್ಕೆ ಅಂಟಿಕೊಂಡಂತೆ ಗೂಡಿನಂಥ ಒಂದು ಕ್ಯಾಬಿನ್ನು, ಅದರೊಳಗೆ ಮಾಮ. ಕಬ್ಬಿಣದ ನೀರು ತುಂಬಿದ ದೊಡ್ಡ ಬಕೆಟ್ಟನ್ನು ಕೊಕ್ಕೆಗೆ ಸಿಕ್ಕಿಸಿ ಅವರು ಮೇಲಿನಿಂದ ನಡೆಸಬೇಕು. ಅಪ್ಪ ಕೆಳಗೆ ನಿಂತು ಕೈಸನ್ನೆ ಕೊಡಬೇಕು. ಅಂಗೈ ಮೇಲೆತ್ತಿದರೆ ಎತ್ತು, ಕೆಳಗೆ ಒತ್ತಿದರೆ ಇಳಿಸು, ಮುಷ್ಟಿ ಕಟ್ಟಿದರೆ ನಿಲ್ಲು. ಶೆಡ್ಡಿನ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ. ಮೇಲಿದ್ದವನು ಕೆಳಗಿನವನ ಕೈ ಬಿಟ್ಟು ಬೇರೆ ಯಾವುದನ್ನೂ ನಂಬಬಾರದು, ಅದೇ ಅಲ್ಲಿಯ ಪದ್ಧತಿ. ಅಪ್ಪ, ಮಾಮ ಜೋಡಿ ಎಷ್ಟು ವರ್ಷದ್ದೆಂದರೆ, ರಸ್ತೆಯಲ್ಲಿ ನಡೆಯುವಾಗಲೂ ಅಪ್ಪ ಕೈ ತೋರಿಸದೆ ಮಾಮ ರಸ್ತೆ ದಾಟುವುದಿಲ್ಲ ಎಂದು ಅಮ್ಮ, ಅತ್ತೆ ಸೇರಿ ನಗುತ್ತಿದ್ದರು.

ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಹೆಂಗಸರು ಮಕ್ಕಳನ್ನು ಒಳಗೆ ಬಿಡುತ್ತಿದ್ದರು. ಕ್ರೇನಿನ ಕೊಕ್ಕೆಗೆ ಚೆಂಡುಹೂವಿನ ಹಾರ, ಬೂದುಗುಂಬಳಕ್ಕೆ ಕುಂಕುಮ. ಆ ವರ್ಷ ಅಪ್ಪ ನನ್ನನ್ನು ಕರೆದುಕೊಂಡು ಹೋಗಿ ಎಡಗಡೆಯ ಗೋಡೆಗೆ ತಾಗಿದ ಒಂದು ಕಂಬದ ಹತ್ತಿರ ನಿಲ್ಲಿಸಿದರು. "ನಾನು ನಿಲ್ಲೋ ಜಾಗ ಇದು. ಮಾಮ ಅಲ್ಲಿಂದ ನನ್ನ ಕೈ ನೋಡ್ತಾನೆ," ಅಂದರು. ನಾನು ತಲೆ ಎತ್ತಿ ನೋಡಿದೆ. ಅಷ್ಟು ಎತ್ತರದಲ್ಲಿ ಮಾಮ ಗೂಡಿನ ಹಕ್ಕಿಯ ಹಾಗೆ ಕೂತು ಕೈ ಬೀಸಿದರು. ಖಾಲಿ ಬಕೆಟ್ಟು ನನ್ನ ಪಕ್ಕದಲ್ಲೇ ತೂಗುತ್ತಿತ್ತು. ಅದರೊಳಗೆ ಏನೂ ಇಲ್ಲದಿದ್ದರೂ ನಾನು ಅಪ್ಪನ ಶರಟು ಹಿಡಿದುಕೊಂಡೆ.

ಆ ಹಬ್ಬದ ಬೋನಸ್ಸಿನಲ್ಲೇ ಮಾಮ ಶಿವಮೊಗ್ಗಕ್ಕೆ ಹೋಗಿ ವಿಡಿಯೋ ಗೇಮ್ ತಂದದ್ದು. ಸಾಲುಮನೆಗಳಲ್ಲಿ ಅದೇ ಮಾತು. ಮಕ್ಕಳಿಲ್ಲದ ಮನೆಗೆ ಮಕ್ಕಳಾಟ ಯಾಕೆ ಎಂದು ಕೆಲವರು ಅತ್ತೆಗೆ ಕೇಳಿಸುವ ಹಾಗೆಯೇ ಅಂದರು. ಅತ್ತೆ ಕಡಿಮೆಯೇನಲ್ಲ. "ಮಗು ಇಲ್ಲ ಅಂತ ಯಾರಮ್ಮ ಹೇಳಿದ್ದು? ಐವತ್ತು ವರ್ಷದ್ದೊಂದಿದೆ, ಊಟಕ್ಕೂ ಕೂಗಿ ಕೂಗಿ ಕರೀಬೇಕು," ಅಂದು ಬಾಯಿ ಮುಚ್ಚಿಸಿದರು.

ಜೊತೆಗೆ ಎರಡು ಕ್ಯಾಸೆಟ್ ಬಂದಿದ್ದವು. ಒಂದರಲ್ಲಿ ಚಿಪ್ಪುಹಂದಿ ಗುಡ್ಡ ಹತ್ತುತ್ತಾ, ಹಳ್ಳ ಹಾರುತ್ತಾ, ತನ್ನ ಪಾಡಿಗೆ ಓಡುತ್ತದೆ. ಇನ್ನೊಂದರಲ್ಲಿ ಅದೇ ಚಿಪ್ಪುಹಂದಿ, ಆದರೆ ಓಡುವ ಹಾಗಿಲ್ಲ. ಮೈ ಮುದುರಿ ತಾನೇ ಚೆಂಡಾಗುತ್ತದೆ. ಪರದೆಯ ಕೆಳಗೆ ಎಡಕ್ಕೊಂದು ಬಲಕ್ಕೊಂದು ರೆಕ್ಕೆ. ಬಟನ್ ಒತ್ತಿದರೆ ರೆಕ್ಕೆ ಬಡಿದು ಚೆಂಡು ಮೇಲೆ ಹಾರುತ್ತದೆ. ತಪ್ಪಿದರೆ ಎರಡು ರೆಕ್ಕೆಗಳ ನಡುವಿನ ಸಂದಿಯಿಂದ ಕೆಳಗಿನ ಬೆಂಕಿಹೊಂಡಕ್ಕೆ. ಬೀಳುವಾಗ ಅದು ಸಣ್ಣದಾಗಿ ಕುಂಯ್ ಅನ್ನುತ್ತಿತ್ತು. ಮಾಮನಿಗೆ ಎರಡನೆಯ ಆಟವೇ ಇಷ್ಟ. ಎರಡು ಕೈ, ಎರಡು ಬಟನ್, ಕೆಳಗೆ ಬೆಂಕಿ, ನನ್ನ ಡ್ಯೂಟಿನೇ ಇದು, ಅನ್ನುತ್ತಿದ್ದರು. ಚಿಪ್ಪುಹಂದಿಗೆ ಚಿಪ್ಪಣ್ಣ ಎಂದು ಹೆಸರಿಟ್ಟರು. ಅವರ ಕೈಯಲ್ಲಿ ಚಿಪ್ಪಣ್ಣ ಬೀಳುತ್ತಲೇ ಇರಲಿಲ್ಲ. ಅತ್ತೆ ಕಾಫಿ ತಂದಿಟ್ಟು, ಅದು ಆರಿ, ಮತ್ತೆ ಬಿಸಿ ಮಾಡಿ ತಂದರೂ ಅದೇ ಚೆಂಡು ಓಡುತ್ತಿರುತ್ತಿತ್ತು...

ಎಂದಿನಿಂದ ಬೀಳಲು ಶುರುವಾಯಿತೋ ಸರಿಯಾಗಿ ನೆನಪಿಲ್ಲ. ಚಳಿಗಾಲ ಇರಬೇಕು. ಎಡಗಡೆಯಿಂದ ಇಳಿದು ಬರುವ ಚೆಂಡು ಮಾತ್ರ ತಪ್ಪುತ್ತಿತ್ತು. ಬಲಗಡೆಯದು ಒಂದೂ ತಪ್ಪುತ್ತಿರಲಿಲ್ಲ. "ಅಡಡಾ, ಎಡಗಡೆ ಬಟನ್ ಹೋಯ್ತು ಪಾಪಾ," ಅಂದು ಮಾಮ ಬಟನ್ನಿನ ಡಬ್ಬಿಯನ್ನು ಬಿಚ್ಚಿ, ಒಳಗೆ ಒರೆಸಿ, ಮತ್ತೆ ಜೋಡಿಸಿದರು. ನಾನು ಆಡಿದೆ. ಬಟನ್ ಸರಿಯಾಗಿಯೇ ಇತ್ತು. ಅವರು ಆಡಿದರು. ಚೆಂಡು ಎಡದಿಂದ ಬಂತು, ಅವರ ಬೆರಳು ಅಲ್ಲಾಡಲೇ ಇಲ್ಲ. ಕುಂಯ್.

ಪೊಂಗಲ್ ಹಬ್ಬಕ್ಕೆ ಅವರ ಮನೆಯಲ್ಲಿ ನಮಗೆಲ್ಲ ಎಲೆ ಊಟ. ಮಾಮ ಅಪ್ಪನ ಪಕ್ಕದಲ್ಲಿ ಕೂತಿದ್ದರು, ನಾನು ಎದುರು ಸಾಲಿನಲ್ಲಿ. ಎರಡು ತುತ್ತು ತಿಂದು ಮಾಮ ಒಳಗಿದ್ದ ಅತ್ತೆಗೆ ಕೇಳುವಂತೆ ಕೂಗಿದರು, "ಏನಮ್ಮಾ, ಹಬ್ಬದ ದಿನ ಎಲೆಗೆ ಉಪ್ಪೇ ಹಾಕಿಲ್ಲವಲ್ಲ! ಉಪ್ಪಿನಕಾಯಿನೂ ಇಲ್ಲ!" ನಾನು ಅವರ ಎಲೆ ನೋಡಿದೆ. ಉಪ್ಪು ಇರಬೇಕಾದ ಜಾಗದಲ್ಲೇ, ಎಲೆಯ ಎಡತುದಿಯಲ್ಲಿ, ಬೆಳ್ಳಗೆ ಇತ್ತು. ಪಕ್ಕದಲ್ಲಿ ಉಪ್ಪಿನಕಾಯಿ. ಅತ್ತೆ ಬಂದು, "ಕಣ್ಣೆಲ್ಲಿಟ್ಟಿದೀರಿ?" ಅಂದರು. ಎಲ್ಲರೂ ನಕ್ಕರು. ಮಾಮನೂ ತಲೆ ತಿರುಗಿಸಿ ನೋಡಿ, ಗಟ್ಟಿಯಾಗಿ ನಕ್ಕರು. ಅಪ್ಪ ಒಬ್ಬರು ನಗಲಿಲ್ಲ. ಅನ್ನದ ಮೇಲೆ ಕೈ ಇಟ್ಟುಕೊಂಡು ಆ ಉಪ್ಪನ್ನೇ ನೋಡುತ್ತಿದ್ದರು.

ಅಪ್ಪನ ಮುಖ ನೋಡಿದಾಗ ನನಗೆ ಶೆಡ್ಡಿನ ಕಂಬ ನೆನಪಾಯಿತು. ಅದಿದ್ದದ್ದು ಕ್ಯಾಬಿನ್ನಿನಲ್ಲಿ ಕೂತ ಮಾಮನ ಎಡಗಡೆ. ಮಾಮನಿಗೆ ಉಪ್ಪು ಕಾಣದಿದ್ದರೆ ಅಪ್ಪನ ಕೈ ಹೇಗೆ ಕಾಣುತ್ತದೆ? ಅತ್ತೆ ಸಕ್ಕರೆ ಪೊಂಗಲ್ ಎರಡನೇ ಸಲ ಬಡಿಸಲು ಬಂದಾಗ ಬೇಡ ಅಂದೆ, ಅಮ್ಮ ಹಣೆ ಮುಟ್ಟಿ ಜ್ವರ ಇದೆಯಾ ನೋಡಿದರು.

ಅವತ್ತಿನಿಂದ ಹಿಡಿದ ಭಯ ಬಿಡಲಿಲ್ಲ. ಅಪ್ಪ ಡ್ಯೂಟಿಗೆ ಹೋದರೆ ಶೆಡ್ಡಿನ ಸೈರನ್ನಿಗೆ ಕಿವಿ ಕೊಟ್ಟು ಕೂರುತ್ತಿದ್ದೆ. ಶಿಫ್ಟು ಬದಲಾಗುವ ಹೊತ್ತಲ್ಲದೆ ಸೈರನ್ ಕೂಗಿದರೆ ಏನೋ ಕೆಟ್ಟದ್ದು ಎಂದು ಸಾಲುಮನೆಯ ಎಲ್ಲ ಮಕ್ಕಳಿಗೂ ಗೊತ್ತಿತ್ತು. ಭಾಗಾಕಾರ ಮಾಡುತ್ತಿದ್ದವಳಿಗೆ ದೂರದ ಲಾರಿ ಹಾರನ್ನು ಕೇಳಿದರೂ ಪೆನ್ಸಿಲ್ ಜಾರುತ್ತಿತ್ತು. ಅಮ್ಮನಿಗೆ ಹೇಳೋಣ ಅಂದರೆ ಏನೆಂದು ಹೇಳಲಿ? ಚಿಪ್ಪಣ್ಣ ಬಿದ್ದ ಎಂದೇ?

ಬೇಸಿಗೆಯ ಹೊತ್ತಿಗೆ ಇನ್ನೊಂದು ಕಂಡಿತು. ಅಮ್ಮ ಅಪ್ಪನ ಖಾಕಿ ಶರಟನ್ನು ಬೆಳಕಿಗೆ ಹಿಡಿದು, "ಏನ್ರೀ ಇದು, ಶರಟೋ ಜರಡಿಯೋ? ಮುಂಚೆ ಹಿಂಗೆ ಸುಡ್ತಿರಲಿಲ್ಲ," ಅಂದರು. ಕಿಡಿ ಸಿಡಿದ ಸಣ್ಣ ತೂತುಗಳು ತೋಳಿನಲ್ಲಿ, ಎದೆಯಲ್ಲಿ. ಅಪ್ಪ ಅಂಗಳಕ್ಕೆ ಎದ್ದು ಹೋದರು. ನಾನು ಹಿಂದೆಯೇ ಹೋದೆ.

"ಅಪ್ಪಾ, ನೀನೀಗ್ಲೂ ಆ ಕಂಬದ ಹತ್ರಾನೇ ನಿಲ್ತೀಯಾ?"

"ಇಲ್ಲ ಪುಟ್ಟಿ. ಬಲಗಡೆ, ಕುಲುಮೆ ಪಕ್ಕ ನಿಲ್ತೀನಿ. ಮಾಮಂಗೆ ಆ ಕಡೆಯಿಂದ ಚೆನ್ನಾಗಿ ಕಾಣುತ್ತೆ."

"ಅಲ್ಲಿ ಕಿಡಿ ಸಿಡಿಯಲ್ವಾ?"

"ಸಿಡಿದ್ರೆ ಶರಟು ತಾನೇ ಹೋಗೋದು." ಆಮೇಲೆ ಧ್ವನಿ ತಗ್ಗಿಸಿದರು. "ಇದನ್ನ ಅಲ್ಲಿ ಇಲ್ಲಿ ಮಾತಾಡಬೇಡ. ಕ್ಯಾಬಿನ್ನಿಂದ ಇಳಿಸಿದ್ರೆ ಅವನು ಮನುಷ್ಯನಾಗಿ ಉಳಿಯಲ್ಲ."

ಅಪ್ಪನಿಗೆ ಗೊತ್ತಿದೆ ಎಂದು ತಿಳಿದರೆ ಧೈರ್ಯ ಬರಬೇಕಿತ್ತು. ಬರಲಿಲ್ಲ, ಇದ್ದದ್ದೂ ಹೋಯಿತು. ಗೆಳೆಯನ ಕಣ್ಣು ಸೋತಿದೆ ಎಂದು ಹೇಳುವ ಬದಲು ಅಪ್ಪ ತಾವೇ ಬೆಂಕಿಯ ಪಕ್ಕಕ್ಕೆ ಸರಿದು ನಿಂತಿದ್ದರು. ಆ ಶೆಡ್ಡಿನವರೇ ಹಾಗೆ. ಒಬ್ಬನಿಗೆ ಬೆನ್ನು ನೋವೆಂದರೆ ಇನ್ನೊಬ್ಬ ಅವನ ಪಾಲಿನ ಭಾರ ಎತ್ತುವನು, ಕಛೇರಿಯವರಿಗೆ ಮಾತ್ರ ಬಾಯಿ ಬಿಡುವುದಿಲ್ಲ. ಆದರೆ ಇದು ಬೆನ್ನು ನೋವಲ್ಲ. ಅಪ್ಪ ಸರಿದರು ಸರಿ, ಎಡಗಡೆಯಲ್ಲಿ ಓಡಾಡುವ ಉಳಿದವರ ಗತಿ? ಬಲಗಡೆಯೂ ಕಾಣದಾದರೆ ಅಪ್ಪ ಇನ್ನೆಲ್ಲಿಗೆ ಸರಿಯುತ್ತಾರೆ? ಹನ್ನೊಂದರ ವಯಸ್ಸಿಗೆ ದೊಡ್ಡ ಪ್ರಶ್ನೆಗಳು. ನಾನು ಉಗುರು ಕಚ್ಚಲು ಕಲಿತದ್ದು ಆಗಲೇ.

ಬೇಸಿಗೆ ರಜೆಯ ಒಂದು ಮಧ್ಯಾಹ್ನ. ಇಬ್ಬರಿಗೂ ಎರಡು ಗಂಟೆಯ ಶಿಫ್ಟು. ಅಪ್ಪ ಮೊದಲೇ ಹೊರಟಿದ್ದರು, ಹೊಯ್ಯುವ ದಿನ ಅವರು ಬೇಗ ಹೋಗಿ ದಾರಿ ತೆರವು ಮಾಡಿಸಬೇಕು. ಮಾಮ ಊಟ ಮುಗಿಸಿ, ಖಾಕಿ ತೊಟ್ಟು, ಸ್ವಲ್ಪ ಹೊತ್ತು ಇದೆಯೆಂದು ಆಟಕ್ಕೆ ಕೂತಿದ್ದರು. ಫ್ಯಾನ್ ಬಿಸಿಗಾಳಿ ಬೀಸುತ್ತಿತ್ತು, ಕಾದ ಅಡಾಪ್ಟರಿನ ವಾಸನೆ ಕೋಣೆಯಲ್ಲಿ ತುಂಬಿತ್ತು. ಅತ್ತೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದರು. ನಾನು ಮಾಮನ ಪಕ್ಕ ನೆಲದ ಮೇಲೆ ಕೂತಿದ್ದೆ.

ಆ ಆಟದಲ್ಲಿ ಎಡಗೋಡೆಯ ನಡುಮಟ್ಟದಲ್ಲಿ ಒಂದು ಗುಳಿ ಇತ್ತು. ಚೆಂಡು ಅಲ್ಲಿ ಬಿದ್ದರೆ ನಿಂತುಬಿಡುತ್ತದೆ. ಚಿಪ್ಪಣ್ಣ ಮೈ ಬಿಚ್ಚಿ, ಕಾಲು ಇಳಿಬಿಟ್ಟು, ತಲೆ ಕೆರೆದುಕೊಳ್ಳುತ್ತಾ ಕೂರುತ್ತಾನೆ. ನಾವು ಎಡಗಡೆ ಬಟನ್ ಒತ್ತುವವರೆಗೂ ಅಲ್ಲಾಡುವುದಿಲ್ಲ. ಅವತ್ತು ಚೆಂಡು ಆ ಗುಳಿಗೆ ಬಿತ್ತು. ಮಾಮ ಕಾದರು. ಬಟನ್ನಿನ ಡಬ್ಬಿಯನ್ನು ಅಲ್ಲಾಡಿಸಿದರು.

"ಚೆಂಡು ಎಲ್ಲೋಯ್ತು? ಬಿದ್ದ ಸದ್ದೂ ಬರಲಿಲ್ಲ. ಸೆಟ್ಟೇ ಕೈ ಕೊಡ್ತಾ ಏನು," ಎಂದು ಸ್ವಿಚ್ಚು ಆರಿಸಲು ಎದ್ದರು.

ಮಾತಾಡಬೇಡ ಎಂದ ಅಪ್ಪನ ಮಾತು ನೆನಪಿತ್ತು. ಆದರೆ ಅಪ್ಪ ಆಗಲೇ ಕುಲುಮೆಯ ಪಕ್ಕ ನಿಂತಿರುತ್ತಾರೆ ಅನ್ನುವುದೂ ನೆನಪಿತ್ತು.

"ಮಾಮ, ಚಿಪ್ಪಣ್ಣ ಅಲ್ಲೇ ಕೂತಿದಾನಲ್ಲ. ಎಡಗಡೆ."

"ಎಲ್ಲಿ?"

"ಎಡಗಡೆ, ಮಾಮ. ಗುಳೀಲಿ. ಆಗ್ಲಿಂದ ಅಲ್ಲೇ ಇದಾನೆ."

ಮಾಮ ಕತ್ತು ನಿಧಾನವಾಗಿ ತಿರುಗಿಸಿದರು. ಇನ್ನೂ ಸ್ವಲ್ಪ ತಿರುಗಿಸಿದರು. ಆಗ ಕಂಡಿತು. ಅವರ ಮುಖದ ಬಣ್ಣ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಮತ್ತೆ ನೇರಕ್ಕೆ ನೋಡಿದರು, ಮತ್ತೆ ಎಡಕ್ಕೆ ನೋಡಿದರು. ಪರದೆಯ ಮೇಲೆ ಚಿಪ್ಪಣ್ಣ ಕಾಲು ಆಡಿಸುತ್ತಲೇ ಇದ್ದ.

"ಬಟನ್ ಸರಿ ಇದೆ, ಅಲ್ವಾ ಪಾಪಾ?"

ನಾನು ಹೂಂ ಅಂದೆ. ಅಳು ಬಂತು.

"ನಿಮ್ಮಪ್ಪ ಈಗೀಗ ಬಲಗಡೆ ಬಂದು ನಿಲ್ತಾನಲ್ಲ... ಅದಕ್ಕೇನಾ?"

ಅಷ್ಟರಲ್ಲಿ ಸೈರನ್ ಕೂಗಿತು. ಶಿಫ್ಟಿನ ಮೊದಲ ಸೈರನ್ನೇ, ಆದರೂ ನಾನು ಕೂತಲ್ಲೇ ಬೆಚ್ಚಿದೆ. ಮಾಮ ಬುತ್ತಿ ಎತ್ತಿಕೊಂಡರು. ಹೋಗುವಾಗ ಎಡಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು. ಅದು ಎಷ್ಟು ದಿನದಿಂದ ಬಡಿಯುತ್ತಿತ್ತೋ, ಅವತ್ತು ಮಾತ್ರ ಅವರು ನಿಂತು, ಚೌಕಟ್ಟನ್ನು ಕೈಯಿಂದ ಮುಟ್ಟಿ ನೋಡಿ ಹೋದರು. ಟಿವಿ ಆರಿಸುವುದಕ್ಕೆ ನನಗೆ ಧೈರ್ಯ ಬರಲಿಲ್ಲ.

ಆಮೇಲಿನ ಹೊತ್ತು... ನನ್ನ ಜೀವನದಲ್ಲಿ ಅಷ್ಟು ಉದ್ದದ ಮಧ್ಯಾಹ್ನ ಇನ್ನೊಂದಿಲ್ಲ. ಮಾಮ ಏಣಿ ಹತ್ತಿರುತ್ತಾರೆ. ಬಕೆಟ್ಟು ತುಂಬಿರುತ್ತದೆ. ನನ್ನ ಮಾತಿನಿಂದ ಅವರ ಕೈ ನಡುಗಿದರೆ? ಹೇಳದಿದ್ದರೆ ಒಂದು ಭಯ, ಹೇಳಿದ್ದಕ್ಕೆ ಇನ್ನೊಂದು. ದೇವರ ಗೂಡಿನ ಮುಂದೆ ಹೋಗಿ ಕೂತೆ. ಏನು ಬೇಡಿಕೊಳ್ಳಬೇಕೆಂದೇ ತಿಳಿಯದೆ ಎದ್ದು ಬಂದೆ.

ಬಿಸಿಲು ಇನ್ನೂ ಇಳಿದಿರಲಿಲ್ಲ, ಗೇಟು ಕಿರ್ ಅಂದಿತು. ಶಿಫ್ಟಿನ ನಡುವೆ ಯಾರೂ ಮನೆಗೆ ಬರುವುದಿಲ್ಲ. ಬಂದದ್ದು ಅಪ್ಪ, ಒಬ್ಬರೇ. ಅಮ್ಮ ಅಕ್ಕಿಯ ಮೊರ ಕೆಳಗಿಟ್ಟು ಎದ್ದು ನಿಂತರು. ಗೋಡೆಯಾಚೆಯಿಂದ ಅತ್ತೆ ಒದ್ದೆ ಕೈಯಲ್ಲೇ ಓಡಿ ಬಂದು, ಅಪ್ಪನ ಹಿಂದೆ ಯಾರೂ ಇಲ್ಲದ್ದನ್ನು ಕಂಡು ಅಂಗಳದಲ್ಲಿ ಕುಸಿದರು.

"ಏನೂ ಆಗಿಲ್ಲ, ಏನೂ ಆಗಿಲ್ಲ ಮಾರಾಯ್ತಿ, ಏಳಿ," ಅಂದರು ಅಪ್ಪ. "ಅವನು ಇವತ್ತು ಹತ್ತಲೇ ಇಲ್ಲ."

ಮಾಮ ಶೆಡ್ಡಿಗೆ ಹೋಗಿ, ಏಣಿಯ ಬುಡದಲ್ಲಿ ನಿಂತು, ಮೊದಲ ಮೆಟ್ಟಿಲಿಗೆ ನಮಸ್ಕಾರ ಮಾಡಿ, ಕೈಗವಸು ಬಿಚ್ಚಿ ಅಪ್ಪನ ಕೈಗೆ ಕೊಟ್ಟರಂತೆ. ಕಛೇರಿಯವರಿಗೆ ತಾವೇ ಹೇಳಿದರಂತೆ. ಇನ್ನೊಬ್ಬ ಡ್ರೈವರನ್ನು ಕರೆಸುವವರೆಗೆ ಹೊಯ್ಯುವುದನ್ನು ನಿಲ್ಲಿಸಿದ್ದರು. ಮಾಮನನ್ನು ಶಿವಮೊಗ್ಗದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಅಪ್ಪ ಬೇರೆ ಶರಟು ಹಾಕಿಕೊಳ್ಳಲು ಬಂದಿದ್ದರು. ಮಾಮ ಬಸ್ ಸ್ಟಾಪಿನಲ್ಲಿ ಕೂತಿದ್ದರು. ಆ ಸಾಲಿನ ಜನರ ಮುಂದೆ ಹಾದು ಬರಲು ಅವರಿಗೆ ಆಗಲಿಲ್ಲವಂತೆ.

ಬಸ್ಸಿನಲ್ಲಿ ಇಬ್ಬರೂ ಆಡಿದ್ದು ಒಂದೇ ಮಾತು ಎಂದು ಅಪ್ಪ ಎಷ್ಟೋ ವರ್ಷದ ಮೇಲೆ ಹೇಳಿದರು. "ನಿಂಗೆ ಗೊತ್ತಿತ್ತಲ್ಲೋ, ಯಾಕೆ ಹೇಳ್ಲಿಲ್ಲ?" ಎಂದು ಮಾಮ ಕೇಳಿದರು. "ನೀನೇ ಇಳಿದು ಬರ್ತೀಯ ಅಂತ ಕಾಯ್ತಿದ್ದೆ," ಅಂದರು ಅಪ್ಪ.

ಡಾಕ್ಟರು ಕಣ್ಣು ಚೆನ್ನಾಗಿಯೇ ಇದೆ ಅಂದರು. ಅದಕ್ಕೇ ಮಾಮ ಶೆಡ್ಡಿನ ಕಣ್ಣಿನ ತಪಾಸಣೆಯಲ್ಲಿ ಅಕ್ಷರಗಳನ್ನೆಲ್ಲ ಓದಿ ಪಾಸಾಗುತ್ತಿದ್ದರು. ಹೋದದ್ದು ಕಣ್ಣಲ್ಲ, ತಲೆಯೊಳಗೆ ಎಡಗಡೆಯ ನೋಟವನ್ನು ಹಿಡಿಯುವ ಭಾಗ. ಯಾವತ್ತೋ ಒಂದು ದಿನ, ಅವರಿಗೇ ತಿಳಿಯದ ಹಾಗೆ, ಅಲ್ಲಿಗೆ ರಕ್ತ ಹರಿಯುವುದು ನಿಂತಿತ್ತು. ಕತ್ತಲೆಯೂ ಕಾಣುವುದಿಲ್ಲ, ಅಲ್ಲಿ ಏನೋ ಇಲ್ಲ ಎಂದೂ ತಿಳಿಯುವುದಿಲ್ಲವಂತೆ. ನನಗೆ ಎಲ್ಲಕ್ಕಿಂತ ಹೆಚ್ಚು ಭಯವಾದದ್ದು ಈ ಮಾತಿಗೆ.

ಮಾಮ ಮತ್ತೆ ಮೇಲೆ ಹತ್ತಲಿಲ್ಲ. ಅಪ್ಪ ಹೆದರಿದ್ದಂತೆಯೇ ಮಾಮ ಕುಗ್ಗಿದರು, ಆದರೆ ಪೂರ್ತಿ ಕುಗ್ಗಲಿಲ್ಲ. ಆ ವರ್ಷ ಎಲ್ಲರೂ ಸೇರಿ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮಕ್ಕೆ ಹೋಗಿದ್ದೆವು. ಸಫಾರಿ ವ್ಯಾನಿನಲ್ಲಿ ಎಲ್ಲರೂ "ಹುಲಿ, ಹುಲಿ" ಎಂದು ಎಡಗಡೆಗೆ ಬಿದ್ದು ನೋಡುತ್ತಿದ್ದರೆ ಮಾಮ ಬಲಗಡೆಯ ಬಿದಿರು ನೋಡುತ್ತಾ ಕೂತಿದ್ದರು. ನಾನು ಕೈ ಜಗ್ಗಿದೆ. ಅವರು ತಿರುಗುವಷ್ಟರಲ್ಲಿ ಹುಲಿ ಪೊದೆಯೊಳಗೆ ಹೋಗಿತ್ತು. "ಹುಲಿ ನನ್ನ ನೋಡ್ತಲ್ಲ, ಸಾಕು ಬಿಡು," ಅಂದರು. ಎಲ್ಲರೂ ನಕ್ಕೆವು, ಅಪ್ಪನೂ ನಕ್ಕರು. ಆಮೇಲೆ ಹಬ್ಬದ ಎಲೆಯಲ್ಲಿ ಅತ್ತೆ ಅವರೊಬ್ಬರಿಗೆ ಉಪ್ಪನ್ನು ಬಲಗಡೆ ಬಡಿಸುತ್ತಿದ್ದರು. ಗೊತ್ತಿಲ್ಲದವರು ಇದ್ಯಾವ ಶಾಸ್ತ್ರ ಎಂದು ಕೇಳಿದರೆ, ನಮ್ಮ ಕಡೆ ಹೀಗೇ, ಅನ್ನುತ್ತಿದ್ದರು.

ಒಂದೆರಡು ವರ್ಷದಲ್ಲಿ ಅವರು ಅತ್ತೆಯ ತಮ್ಮನ ಊರು ಸೇಲಂ ಕಡೆಗೆ ಹೊರಟುಹೋದರು. ವಿಡಿಯೋ ಗೇಮನ್ನು ಜೊತೆಗೇ ಒಯ್ದರು. ಅಲ್ಲಿ ಮಾಮ ಆಡುತ್ತಿದ್ದರೋ ಇಲ್ಲವೋ... ಪಕ್ಕದಲ್ಲಿ ಕೂತು "ಎಡ, ಮಾಮ, ಎಡ" ಅನ್ನಲು ಯಾರಿದ್ದರೋ. ನಾನು ಕಾಲೇಜಿಗೆ ಬಂದ ವರ್ಷ ಎಸ್‌ಟಿಡಿ ಬೂತಿನವರು ಬಂದು ಅಪ್ಪನಿಗೆ ಫೋನಿದೆ ಎಂದು ಕರೆದರು. ಮಾಮನ ತಲೆಯಲ್ಲಿ ಮತ್ತೊಂದು ಸಲ ರಕ್ತ ನಿಂತಿತ್ತು, ಈ ಸಲ ಪೂರ್ತಿ. ಅಪ್ಪ ಬೂತಿನಿಂದ ಬಂದು ಜಗಲಿಯ ಬಲತುದಿಯಲ್ಲಿ ಕೂತರು. ಎಡಗಡೆ ಅಷ್ಟು ಜಾಗ ಖಾಲಿ ಇತ್ತು. ಅಪ್ಪನೂ ಈಗಿಲ್ಲ.

ನಿನ್ನೆ ಸಂಜೆ ಮಗಳ ಜೊತೆ ಆ ಆಟ ಹಾಕಿದೆ. ಈಗಿನ ಟಿವಿಯಲ್ಲಿ ಚಿಪ್ಪಣ್ಣ ಕಂದುಬಣ್ಣದವನು. ನಾನು ಇಷ್ಟು ವರ್ಷ ಅವನನ್ನು ಬೂದುಬಣ್ಣದವನೆಂದೇ ತಿಳಿದಿದ್ದೆ. ಕೈ ಇನ್ನೂ ಮರೆತಿರಲಿಲ್ಲ. ಸ್ವಲ್ಪ ಹೊತ್ತಿಗೆ ಚೆಂಡು ಎಡಗಡೆಯ ಗುಳಿಗೆ ಬಿತ್ತು. ಚಿಪ್ಪಣ್ಣ ಮೈ ಬಿಚ್ಚಿ ಕೂತ, ಕಾಲು ಇಳಿಬಿಟ್ಟ, ತಲೆ ಕೆರೆದುಕೊಂಡ. "ಅಮ್ಮಾ, ಒತ್ತು! ಯಾಕೆ ಸುಮ್ನೆ ಕೂತೆ? ಕಾಣ್ಸಲ್ವಾ?" ಎಂದಳು ಮಗಳು.

ಕಾಣಿಸುತ್ತದೆ ಕಣೇ, ಅಂದೆ. ಆದರೆ ಬಟನ್ ಒತ್ತಲಾಗಲಿಲ್ಲ, ಅವಳೇ ಕಸಿದುಕೊಂಡು ಒತ್ತಿದಳು. ರಾತ್ರಿ ಊಟಕ್ಕೆ ಕೂತಾಗ, ದಿನವೂ ಮಾಡುವ ಹಾಗೆ, ಮೊದಲ ತುತ್ತಿಗೆ ಮುಂಚೆ ತಟ್ಟೆಯ ಎಡತುದಿಯಲ್ಲಿ ಉಪ್ಪನ್ನು ಹುಡುಕಿದೆ. ಇತ್ತು.